ಫಾರ್ಮುಲಾ ಕಾರಿನಿಂದ ಮಣ್ಣಿನ ಮಾಡಿಫೈಡ್‌ಗೆ: ದಾಟುವವರಿಗೆ ಒಂದು ಕೈಪಿಡಿ

ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲೋ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈಯಲ್ಲೋ ಕೆಲವು ಸೀಸನ್ ಫಾರ್ಮುಲಾ ಕಾರು (ಒಬ್ಬರೇ ಕೂರುವ, ನಾಲ್ಕೂ ಚಕ್ರ ತೆರೆದ ರೇಸ್ ಕಾರು) ಓಡಿಸಿ, ಆಮೇಲೆ ಓದಿಗೋ ಕೆಲಸಕ್ಕೋ ಅಮೆರಿಕದ ಮಧ್ಯಭಾಗಕ್ಕೆ ಬಂದ ನಮ್ಮವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಇಲ್ಲಿ ರೇಸಿಂಗ್ ಮುಂದುವರಿಸುವುದು ಹೇಗೆ? ಫಾರ್ಮುಲಾ ಕಾರನ್ನೇ ಹಿಡಿದುಕೊಂಡು ಕುಳಿತರೆ ದೂರದ ಸರ್ಕೀಟುಗಳಿಗೆ ಟ್ರೇಲರ್ ಎಳೆಯುವುದರಲ್ಲೇ ಸಂಬಳ ಕರಗುತ್ತದೆ. ಆದರೆ ಅಯೋವಾ, ನೆಬ್ರಾಸ್ಕಾ, ಮಿನ್ನೆಸೋಟಾ, ಕಾನ್ಸಸ್ ರಾಜ್ಯಗಳಲ್ಲಿ ಬೇಸಿಗೆಯ ವಾರಾಂತ್ಯದ ಸಂಜೆ ಒಂದು ಗಂಟೆಯ ದಾರಿಯೊಳಗೆ ಯಾವುದಾದರೊಂದು ಮಣ್ಣಿನ ಓವಲ್ ಟ್ರ್ಯಾಕ್‌ನಲ್ಲಿ ದೀಪ ಉರಿಯುತ್ತಿರುತ್ತದೆ. ಅಲ್ಲಿ ಓಡುವ ಕಾರುಗಳಲ್ಲಿ, ಫಾರ್ಮುಲಾದಿಂದ ಬಂದವರಿಗೆ ಹೆಚ್ಚು ಒಗ್ಗುವುದು ಮಾಡಿಫೈಡ್ ಎಂದು ನನ್ನ ದೃಢ ಅಭಿಪ್ರಾಯ.

ನಾನು ಗದಗ ಸೀಮೆಯ ಎರೆಹೊಲದ ಮನೆಯವನು. ಮಾರುತಿ ಎಸ್ಟೀಮ್‌ನ 1.3 ಲೀಟರ್ ಎಂಜಿನ್ ಹೊತ್ತ ಎಲ್‌ಜಿಬಿ ಫಾರ್ಮುಲಾ 4 ಕಾರಿನಲ್ಲಿ ರೇಸಿಂಗ್ ಕಲಿತೆ. ಈಗ ಅಯೋವಾದ ಏಮ್ಸ್‌ನಲ್ಲಿದ್ದೇನೆ; ಪಕ್ಕದ ಬೂನ್ ಸ್ಪೀಡ್‌ವೇಯಲ್ಲಿ ಶನಿವಾರ ರಾತ್ರಿ ಮಾಡಿಫೈಡ್ ಓಡಿಸುತ್ತೇನೆ. ನಾನು ಮುಖ್ಯವಾಗಿ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಡಾಂಬರಿನ ಸರ್ಕೀಟಿನಲ್ಲಿ ಸರಿಯಾದ ದಾರಿ ಎಲ್ಲಿದೆ ಎಂಬುದು ಬೆಳಗ್ಗೆಯೇ ಗೊತ್ತಿರುತ್ತದೆ, ದಿನವಿಡೀ ಅದನ್ನೇ ತಿದ್ದಿ ತೀಡುತ್ತೇವೆ. ಮಣ್ಣಿನಲ್ಲಿ ಆ ದಾರಿ ಸುತ್ತಿನಿಂದ ಸುತ್ತಿಗೆ ಜಾಗ ಬದಲಿಸುತ್ತದೆ. ಆದ್ದರಿಂದ ಕೈಕಾಲಿಗಿಂತ ಮೊದಲು ಕಣ್ಣನ್ನು ಪಳಗಿಸಬೇಕು. ಫಾರ್ಮುಲಾದಿಂದ ಬಂದವರು ಇಲ್ಲಿ ಸೋಲುವುದು ವೇಗದ ಕೊರತೆಯಿಂದಲ್ಲ, ನೆಲವನ್ನು ನೋಡದೆ ಇರುವುದರಿಂದ.

ಯಾವ ಮಾಡಿಫೈಡ್?

ಅಮೆರಿಕದಲ್ಲಿ ಮಾಡಿಫೈಡ್ ಎಂಬ ಹೆಸರಿನಡಿ ಬೇರೆ ಬೇರೆ ಕಾರುಗಳಿವೆ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ ಕಡೆಯ ಬಿಗ್ ಬ್ಲಾಕ್ ಮಾಡಿಫೈಡ್ ಬೇರೆ ಜಾತಿ. ನಾಸ್ಕಾರ್‌ನ ಮಾಡಿಫೈಡ್ ಡಾಂಬರಿನ ಕಾರು. ನಾನು ಹೇಳುತ್ತಿರುವುದು ಮಧ್ಯಪಶ್ಚಿಮದ ಮಣ್ಣಿನಲ್ಲಿ ಓಡುವ, ಮುಂದಿನ ಚಕ್ರಗಳು ತೆರೆದಿದ್ದು ಹಿಂದಿನವು ತಗಡಿನೊಳಗೆ ಮುಚ್ಚಿಕೊಂಡಿರುವ ಕಾರಿನ ಬಗ್ಗೆ. ಅದಕ್ಕೆ ನಿಯಮ ಬರೆಯುವ ಸಂಸ್ಥೆಗಳೂ ಹಲವು: ಐಎಂಸಿಎ, ಯುಎಸ್‌ಆರ್‌ಎ, ಡರ್ಟ್‌ಕಾರ್‌ನ ಯುಎಂಪಿ, ಪ್ರವಾಸಿ ಸರಣಿಯಾದ ಯುಎಸ್‌ಎಂಟಿಎಸ್. ಟೈರು, ಶಾಕ್ ಅಬ್ಸಾರ್ಬರ್, ಎಂಜಿನ್ ವಿಷಯದಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಮೊದಲು ನಿಮ್ಮ ಮನೆಗೆ ಹತ್ತಿರದ ಟ್ರ್ಯಾಕ್ ಯಾವ ನಿಯಮದಡಿ ನಡೆಯುತ್ತದೆ ಎಂದು ತಿಳಿದುಕೊಳ್ಳಿ. ಕಾರು ಹುಡುಕುವುದು ಆಮೇಲೆ.

ಅಯೋವಾದಲ್ಲಿ ಐಎಂಸಿಎ. 1915ರಲ್ಲಿ ಹುಟ್ಟಿದ ಸಂಸ್ಥೆ. ಅದರ ಮಾಡಿಫೈಡ್ ವರ್ಗ ಶುರುವಾದದ್ದು 1979ರಲ್ಲಿ, ಆಗ ಸಂಸ್ಥೆ ನಡೆಸುತ್ತಿದ್ದ, ಇದೇ ರಾಜ್ಯದ ವಿಂಟನ್ ಊರಿನ ಕೀತ್ ನ್ಯಾಕ್ ಅವರ ಕಾಲದಲ್ಲಿ. ಹಳೆಯ ಅಮೆರಿಕನ್ ಹಿಂಚಕ್ರ ಚಾಲಿತ ಕಾರಿನ ಚೌಕಟ್ಟು, ಅದಕ್ಕೊಂದು ವಿ8, ಸಾಮಾನ್ಯ ಸಂಬಳದವನ ಕೈಗೆಟುಕುವ ಖರ್ಚು ಎಂಬುದು ಅದರ ಆಶಯ. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಕಟ್ಟಿದ್ದರ ಹಿಂದೆ ಇದ್ದದ್ದೂ ಇದೇ ಯೋಚನೆ. ಗೆದ್ದವನ ಎಂಜಿನ್ನನ್ನು ನಿಗದಿತ ಬೆಲೆಗೆ ಇನ್ನೊಬ್ಬ ಚಾಲಕ ಕೇಳಿ ಪಡೆಯಬಹುದು ಎಂಬ ಕ್ಲೇಮ್ ನಿಯಮವನ್ನು ಐಎಂಸಿಎ ತಂದದ್ದು ಎಂಜಿನ್‌ಗೆ ಯಾರೂ ಹುಚ್ಚು ಹಣ ಸುರಿಯಬಾರದೆಂದು. ಈಗ ಬಹಳ ಮಂದಿ ಕಾರ್ಖಾನೆಯಲ್ಲೇ ಜೋಡಿಸಿ ಸೀಲ್ ಮಾಡಿ ಕಳಿಸುವ ಕ್ರೇಟ್ ಎಂಜಿನ್ ಬಳಸುತ್ತಾರೆ: ಜಿಎಂನ 604, ಸುಮಾರು 400 ಅಶ್ವಶಕ್ತಿ.

ಅದರ ಕೆಳಗಿನ ಮೆಟ್ಟಿಲು ನಾರ್ದರ್ನ್ ಸ್ಪೋರ್ಟ್‌ಮಾಡ್. ಹೊರನೋಟ ಅದೇ, ನಿಯಮ ಇನ್ನಷ್ಟು ಬಿಗಿ, ಕ್ರೇಟ್ ಎಂಜಿನ್ ಬೇಕೆಂದರೆ 350 ಅಶ್ವಶಕ್ತಿಯ 602. ಫಾರ್ಮುಲಾದಲ್ಲಿ ಪೋಡಿಯಂ ಹತ್ತಿದವರಿಗೆ ಇದು ತಮ್ಮ ಯೋಗ್ಯತೆಗೆ ಕಡಿಮೆ ಅನ್ನಿಸುತ್ತದೆ. ಆ ಭಾವನೆಯನ್ನು ಬದಿಗಿಡಿ. ಮೊದಲ ಸೀಸನ್ ಸ್ಪೋರ್ಟ್‌ಮಾಡ್‌ನಲ್ಲಿ ಕಳೆಯಿರಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ. ಶಕ್ತಿ ಕಡಿಮೆಯಿದ್ದಾಗ ವೇಗವನ್ನು ಕಾಪಾಡಿಕೊಳ್ಳುವ ಕಲೆ ಬರುತ್ತದೆ, ಮಣ್ಣಿನಲ್ಲಿ ಮುಂದೆ ಕೈಹಿಡಿಯುವುದು ಆ ಕಲೆಯೇ.

ಅಯೋವಾದ ನಾಕ್ಸ್‌ವಿಲ್‌ನಂಥ ಕಡೆ ಸ್ಪ್ರಿಂಟ್ ಕಾರು (ನಾಲ್ಕೂ ಚಕ್ರ ತೆರೆದ, ಮಣ್ಣಿನ ಓವಲ್‌ನ ಕಾರು) ಓಡಿಸಿ ಬರುವವರ ಕಥೆ ಬೇರೆ. ಅವರಿಗೆ ಮಣ್ಣು ಗೊತ್ತಿದೆ, ಭಾರ ಗೊತ್ತಿಲ್ಲ. ಸ್ಪ್ರಿಂಟ್ ಕಾರು ಮಾಡಿಫೈಡ್‌ಗಿಂತ ಬಹಳ ಹಗುರ, ಶಕ್ತಿ ಬಹಳ ಹೆಚ್ಚು. ಏನೇ ತೊಡಕಾದರೂ ಪೆಡಲ್ (ನಾನು ಹಾಗೆನ್ನುವುದು ವೇಗ ಹೆಚ್ಚಿಸುವ ಪೆಡಲ್‌ಗೆ) ಒತ್ತಿ ಬಿಡಿಸಿಕೊಳ್ಳಬಹುದು. ಮಾಡಿಫೈಡ್‌ನಲ್ಲಿ ಕಳೆದುಕೊಂಡ ವೇಗ ಅಷ್ಟು ಬೇಗ ಮರಳುವುದಿಲ್ಲ. ಓಪನ್ ವೀಲ್‌ನಿಂದ, ಅಂದರೆ ಚಕ್ರ ತೆರೆದ ಕಾರುಗಳಿಂದ ಬಂದು ಎರಡೂ ಲೋಕಗಳಲ್ಲಿ ಬಾಳಿದವರಿಗೆ ಒಳ್ಳೆಯ ಉದಾಹರಣೆ ಕೆನ್ ಶ್ರೇಡರ್: 1982ರಲ್ಲಿ ಅಮೆರಿಕದ ರೇಸಿಂಗ್ ಸಂಸ್ಥೆ ಯುಸ್ಯಾಕ್‌ನ ಸಿಲ್ವರ್ ಕ್ರೌನ್, 1983ರಲ್ಲಿ ಯುಸ್ಯಾಕ್ ಸ್ಪ್ರಿಂಟ್ ಚಾಂಪಿಯನ್. ನಾಸ್ಕಾರ್‌ನಲ್ಲಿ ವರ್ಷಗಟ್ಟಲೆ ಓಡಿದ ಮೇಲೂ ಸಣ್ಣ ಊರುಗಳ ಮಣ್ಣಿನ ಟ್ರ್ಯಾಕ್‌ಗಳಿಗೆ ಮಾಡಿಫೈಡ್ ಹೊತ್ತು ಬಂದವರು. ಅವರು ಓಡುವ ರಾತ್ರಿ ಸಿಕ್ಕರೆ ತಪ್ಪಿಸಬೇಡಿ. ತಿರುವಿಗೆ ಹೋಗುವಾಗ ಅವರ ಕಾರು ಎಷ್ಟು ಶಾಂತವಾಗಿರುತ್ತದೆ ಎಂಬುದನ್ನು ಗಮನಿಸಿ.

ಕಾರು ಕೊಳ್ಳುವುದು

ಹೊಸ ಕಾರು ಬೇಡ. ಸೀಸನ್ ಮುಗಿದ ಮೇಲೆ, ಅಕ್ಟೋಬರ್–ನವೆಂಬರ್ ಹೊತ್ತಿಗೆ, ಸ್ಥಳೀಯರು ತಮ್ಮ ಹಳೆಯ ಕಾರನ್ನು ಬಿಡಿಭಾಗ, ಚಕ್ರ, ಗೇರ್ ಸಮೇತ ಮಾರುತ್ತಾರೆ. ಯಾರು ಕಟ್ಟಿದ ಚಾಸಿ (ಕಾರಿನ ಚೌಕಟ್ಟು) ಶ್ರೇಷ್ಠ ಎಂಬ ವಾದಕ್ಕೆ ಇಳಿಯಬೇಡಿ. ನಿಮ್ಮ ಟ್ರ್ಯಾಕ್‌ನ ಪಿಟ್‌ನಲ್ಲಿ (ಕಾರು ಸಜ್ಜು ಮಾಡುವ ಜಾಗದಲ್ಲಿ) ಹೆಚ್ಚು ಕಾಣುವ ಚಾಸಿಯೇ ನಿಮಗೆ ಶ್ರೇಷ್ಠ, ಏಕೆಂದರೆ ಶನಿವಾರ ರಾತ್ರಿ ಒಂದು ರಾಡ್ ಬಾಗಿದರೆ ಪಕ್ಕದವನ ಟ್ರೇಲರ್‌ನಲ್ಲಿ ಅದು ಸಿಗುತ್ತದೆ; ಸೆಟಪ್ ಬಗ್ಗೆ ಕೇಳಿದರೆ ಉತ್ತರ ಹೇಳುವವರೂ ಇರುತ್ತಾರೆ. ಬೂನ್ ಊರಿನಲ್ಲೇ ಹ್ಯಾರಿಸ್ ಚಾಸಿ ತಯಾರಾಗುವುದರಿಂದ ಇಲ್ಲಿನವರಿಗೆ ಆ ಅನುಕೂಲ ಇದೆ.

ನೋಡುವಾಗ ಬಣ್ಣ, ಸ್ಟಿಕ್ಕರ್‌ಗಳಿಗೆ ಮರುಳಾಗದೆ ಕೆಳಗೆ ಮಲಗಿ ನೋಡಿ. ಗೋಡೆಗೆ, ಬೇರೆ ಕಾರುಗಳಿಗೆ ಮೊದಲು ತಾಗುವುದು ಬಲ ಮುಂದಿನ ಮೂಲೆ; ಅಲ್ಲಿನ ಚೌಕಟ್ಟು ನೇರವಾಗಿದೆಯೇ, ಬೆಸುಗೆಯ ಮೇಲೆ ಬೆಸುಗೆ ಬಿದ್ದಿದೆಯೇ ಎಂದು ಪರೀಕ್ಷಿಸಿ. ಹಿಂದಿನ ಆಕ್ಸಲ್ ಹಿಡಿದಿರುವ ಬಾರ್‌ಗಳ ತುದಿಯ ಬ್ರಾಕೆಟ್‌ಗಳಲ್ಲಿ ಕೂದಲೆಳೆಯ ಬಿರುಕು ಹುಡುಕಿ. ಕ್ರೇಟ್ ಎಂಜಿನ್ ಆಗಿದ್ದರೆ ಸೀಲ್ ಬೋಲ್ಟ್‌ಗಳು ಮುಟ್ಟದೆ ಉಳಿದಿರಬೇಕು, ಇಲ್ಲದಿದ್ದರೆ ತಪಾಸಣೆಯಲ್ಲಿ ಪಾಸಾಗುವುದಿಲ್ಲ. ಮಾರುವವನ ಸೆಟಪ್ ಪುಸ್ತಕವನ್ನೂ ಕೇಳಿ ಪಡೆಯಿರಿ. ಕೊಟ್ಟರೆ ಅದು ಬಿಡಿಭಾಗಗಳಿಗಿಂತ ಬೆಲೆಬಾಳುತ್ತದೆ.

ಸುರಕ್ಷತೆಯ ಉಡುಪು, ಹೆಲ್ಮೆಟ್, ಕುತ್ತಿಗೆ ರಕ್ಷಕ ಸಾಧನ ನಿಮ್ಮ ಹತ್ತಿರ ಇರಬಹುದು. ಆದರೆ ಅವುಗಳ ಪ್ರಮಾಣಪತ್ರ ಇಲ್ಲಿನ ನಿಯಮಪುಸ್ತಕದಲ್ಲಿ ಹೇಳಿದ್ದೇ ಎಂದು ನೋಡಿಕೊಳ್ಳಿ. ಸೀಟಿನ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. ಫಾರ್ಮುಲಾದಲ್ಲಿ ಬಹುತೇಕ ಮಲಗಿ ಓಡಿಸುತ್ತೀರಿ, ಮೈಯಳತೆಗೆ ಎರಕ ಹೊಯ್ದ ಸೀಟು ನಿಮ್ಮನ್ನು ಹಿಡಿದಿರುತ್ತದೆ. ಇಲ್ಲಿ ನೆಟ್ಟಗೆ ಕೂರುತ್ತೀರಿ, ದೇಹ ಸದಾ ಬಲಕ್ಕೆ ತೂರಿಕೊಳ್ಳುತ್ತಿರುತ್ತದೆ. ತಲೆ, ಭುಜ, ಪಕ್ಕೆ ಮೂರನ್ನೂ ಎರಡೂ ಬದಿಯಿಂದ ಹಿಡಿಯುವ ಪೂರ್ಣ ಕಂಟೈನ್‌ಮೆಂಟ್ ಸೀಟು ನಿಮ್ಮ ಅಳತೆಗೇ ಹೊಂದಬೇಕು; ಹಳೆಯ ಮಾಲೀಕನ ಸೀಟಿನಲ್ಲಿ ದಿಂಬು ತುರುಕಿ ಓಡಿಸಬೇಡಿ. ಎದುರಿಗೆ ಗಾಜು ಇರುವುದಿಲ್ಲ, ಕಂಬಿ ಮತ್ತು ಜಾಲರಿ ಮಾತ್ರ. ಮುಂದಿನ ಕಾರು ಎರಚಿದ ಕೆಸರು ನೇರ ಹೆಲ್ಮೆಟ್‌ಗೇ ಬರುತ್ತದೆ. ವೈಸರ್ ಮೇಲೆ ಕಿತ್ತೆಸೆಯುವ ಪ್ಲಾಸ್ಟಿಕ್ ಹಾಳೆಗಳನ್ನು ಒಂದರ ಮೇಲೊಂದು ದಂಡಿಯಾಗಿ ಅಂಟಿಸಿಕೊಳ್ಳಿ, ಕೈಗವಸು ತೊಟ್ಟೇ ಒಂದೊಂದಾಗಿ ಕೀಳುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿ.

ಮಣ್ಣನ್ನು ಓದುವುದು

ಟ್ರ್ಯಾಕ್‌ಗೆ ಬೇಗ ಹೋಗಿ. ಮಧ್ಯಾಹ್ನವೇ ನೀರಿನ ಲಾರಿ ಸುತ್ತುತ್ತಿರುತ್ತದೆ. ಯಾವ ತಿರುವಿಗೆ ಎಷ್ಟು ನೀರು ಬಿತ್ತು, ಬಿಸಿಲು ಯಾವ ಕಡೆಯಿಂದ ಹೊಡೆಯುತ್ತಿದೆ, ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ನೋಡಿ. ಪಡುವಣದ ಬಿಸಿಲಿಗೆ ಮೈಯೊಡ್ಡಿದ ತಿರುವು ಬೇಗ ಒಣಗುತ್ತದೆ. ಆಮೇಲೆ ರೇಸ್ ಕಾರುಗಳನ್ನೇ ನಿಧಾನವಾಗಿ ಸುತ್ತು ಹಾಕಿಸಿ ಒದ್ದೆ ಮಣ್ಣನ್ನು ಗಟ್ಟಿ ಮಾಡಿಸುತ್ತಾರೆ. ಆ ಕೆಲಸಕ್ಕೆ ಕರೆದಾಗ ಸೋಮಾರಿತನ ಮಾಡದೆ ಹೋಗಿ. ಬೇರೆ ಯಾವ ಹೊತ್ತಿನಲ್ಲೂ ಅಷ್ಟು ನಿಧಾನವಾಗಿ, ಅಷ್ಟು ಹತ್ತಿರದಿಂದ ಟ್ರ್ಯಾಕ್ ನೋಡಲು ಸಿಗುವುದಿಲ್ಲ.

ಬೂನ್‌ನ ಮಣ್ಣು ಕಪ್ಪು. ನಮ್ಮ ಹೊಲದಲ್ಲಿ ಬಿತ್ತನೆಗೆ ಮುನ್ನ ಅಪ್ಪ ಒಂದು ಹಿಡಿ ಎರೆಮಣ್ಣು ಕೈಯಲ್ಲಿ ಅಮುಕಿ ಹದ ನೋಡುತ್ತಿದ್ದ ಹಾಗೆ, ನಾನು ಇಲ್ಲಿ ಪಿಟ್‌ನ ಬದಿಯ ಮಣ್ಣನ್ನು ಅಮುಕಿ ನೋಡುತ್ತೇನೆ. ಉಂಡೆ ಕಟ್ಟಿ ಬೆರಳಿಗೆ ಅಂಟಿದರೆ ಹಿಡಿತ ಇದೆ. ಉಂಡೆ ಕಟ್ಟಿ ಒಡೆದರೆ ಹೀಟ್ ಎನ್ನುವ ಮೊದಲ ಚಿಕ್ಕ ರೇಸ್ ಮುಗಿಯುವಷ್ಟರಲ್ಲಿ ಟ್ರ್ಯಾಕ್ ಜಾರತೊಡಗುತ್ತದೆ. ದಕ್ಷಿಣದ ರಾಜ್ಯಗಳ ಕೆಂಪು ಜೇಡಿಯ ಸ್ವಭಾವ ಬೇರೆ. ಅಲ್ಲಿಗೆ ಹೋದರೆ ಅಲ್ಲಿನವರನ್ನು ಕೇಳಿ ಕಲಿಯಬೇಕು.

ರಾತ್ರಿ ದೀಪದ ಬೆಳಕಿನಲ್ಲಿ ನೆಲದ ಬಣ್ಣವೇ ಮಾತಾಡುತ್ತದೆ. ಕಡುಗಪ್ಪಾಗಿ ಮಂಕಾಗಿ ಕಾಣುವ ಜಾಗದಲ್ಲಿ ತೇವ ಉಳಿದಿದೆ, ಅಲ್ಲಿ ಟೈರು ಕಚ್ಚುತ್ತದೆ. ಕಪ್ಪಾಗಿದ್ದೂ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಸ್ಲಿಕ್, ಉಜ್ಜಿ ಉಜ್ಜಿ ನುಣುಪಾದ ನೆಲ. ಬೂದು ಬಣ್ಣದ ಪುಡಿಮಣ್ಣು ಬಿದ್ದಿರುವ ಕಡೆ ಟೈರಿಗೆ ಏನೂ ಸಿಗದು. ಹೊರ ಅಂಚಿನಲ್ಲಿ ಕಾರುಗಳು ತಳ್ಳಿದ ತೇವದ ಮಣ್ಣು ಒಂದು ಬದುವಿನಂತೆ ಕೂಡಿಕೊಳ್ಳುತ್ತದೆ. ಅದನ್ನು ಕುಷನ್ ಎನ್ನುತ್ತಾರೆ. ಬಲ ಹಿಂಚಕ್ರವನ್ನು ಅದಕ್ಕೆ ಒರಗಿಸಿ ಓಡಿಸುವವರಿಗೆ ಅಲ್ಲಿ ಅದ್ಭುತ ವೇಗ ಸಿಗುತ್ತದೆ, ಅದರ ಮೇಲೆ ಹತ್ತಿಬಿಟ್ಟವರಿಗೆ ಗೋಡೆ ಸಿಗುತ್ತದೆ. ಹೊಸಬರು ಮೊದಲ ತಿಂಗಳುಗಳಲ್ಲಿ ಕುಷನ್ ಸುದ್ದಿಗೆ ಹೋಗದಿರುವುದೇ ಲೇಸು. ಕೆಲವು ರಾತ್ರಿ ಫೀಚರ್ ಎನ್ನುವ ಮುಖ್ಯ ರೇಸಿನ ಕೊನೆಗೆ ಟೈರಿನ ರಬ್ಬರ್ ನೆಲಕ್ಕೆ ಮೆತ್ತಿಕೊಂಡು ಒಂದೇ ಕಪ್ಪು ಪಟ್ಟಿ ಮೂಡುತ್ತದೆ. ಆಗ ಡಾಂಬರಿನ ಹಿಡಿತವೇ ಸಿಗುತ್ತದೆ, ಅದನ್ನು ಮೊದಲು ಗುರುತಿಸಿ ಆ ಪಟ್ಟಿಗೆ ಇಳಿದವನನ್ನು ಹಿಂದಿಕ್ಕುವುದು ಬಹಳ ಕಷ್ಟ. ಡಾಂಬರಿನಿಂದ ಬಂದ ನೀವು ಅದನ್ನು ಬೇರೆಯವರಿಗಿಂತ ಮೊದಲು ಗುರುತಿಸಬಲ್ಲಿರಿ.

ನಿಮ್ಮ ರೇಸಿಗೆ ಮುಂಚೆ ಬೇರೆ ವರ್ಗದ ರೇಸುಗಳು ನಡೆಯುತ್ತವೆ. ಆಗ ಟ್ರೇಲರ್‌ನಲ್ಲಿ ಕುಳಿತು ಮೊಬೈಲ್ ನೋಡಬೇಡಿ. ತಿರುವಿನ ಬೇಲಿಗೆ ಹೋಗಿ ನಿಂತು, ಮುಂದಿರುವ ಕಾರನ್ನಲ್ಲ, ಹಿಂದಿನಿಂದ ಒಂದೊಂದಾಗಿ ದಾಟಿ ಬರುತ್ತಿರುವ ಕಾರನ್ನು ಹಿಂಬಾಲಿಸಿ ನೋಡಿ. ಅದು ಎಲ್ಲಿ ಪ್ರವೇಶಿಸುತ್ತದೆ, ಎಲ್ಲಿ ನೇರವಾಗುತ್ತದೆ ಎಂಬುದೇ ನಿಮ್ಮ ಪಾಠ.

ಕೈಕಾಲು ಮರೆಯಬೇಕಾದದ್ದು, ಉಳಿಸಿಕೊಳ್ಳಬೇಕಾದದ್ದು

ಫಾರ್ಮುಲಾ ಕಾರು ಮೂಗಿನಿಂದ ತಿರುಗುತ್ತದೆ. ನೇರದಲ್ಲಿ ಬ್ರೇಕ್, ತಿರುವಿನ ಒಡಲಿಗೆ ಮೂಗು, ಅಲ್ಲಿಂದ ಹೊರಕ್ಕೆ ಪೆಡಲ್. ಮಾಡಿಫೈಡ್ ಹಿಂಬದಿಯಿಂದ ತಿರುಗುತ್ತದೆ. ಚಾಲಕನೂ ಸೇರಿ ಸುಮಾರು 1,100 ಕಿಲೋ ತೂಕ, ಎತ್ತರದಲ್ಲಿ ಗುರುತ್ವಕೇಂದ್ರ, ಹಳೆಯ ಕಾರಿನ ಸ್ಟೀರಿಂಗ್ ಬಾಕ್ಸ್, ಡಿಫರೆನ್ಶಿಯಲ್ ಇಲ್ಲದೆ ಎರಡೂ ಹಿಂಚಕ್ರ ಒಂದಾಗಿ ತಿರುಗುವ ಆಕ್ಸಲ್. ಪೆಡಲ್ ಬಿಟ್ಟಾಗ ಭಾರ ಬಲ ಮುಂದಿನ ಚಕ್ರದ ಮೇಲೆ ಕೂರುತ್ತದೆ, ಹಿಂಬದಿ ಹಗುರಾಗಿ ಸುತ್ತತೊಡಗುತ್ತದೆ. ಮತ್ತೆ ಪೆಡಲ್ ಒತ್ತಿದಾಗ ಕಾರಿನ ಮೈಯ ಎಡಭಾಗ ಮೇಲೇಳುತ್ತದೆ, ಬಾರ್‌ಗಳ ಕೋನದಿಂದಾಗಿ ಎಡ ಹಿಂಚಕ್ರ ತುಸು ಮುಂದಕ್ಕೆ ಬರುತ್ತದೆ, ಇಡೀ ಆಕ್ಸಲ್ ಓರೆಯಾಗಿ ಕಾರನ್ನು ಎಡಕ್ಕೆ ತಿರುಗಿಸುತ್ತದೆ. ಎಡ ಮುಂದಿನ ಚಕ್ರ ಗಾಳಿಯಲ್ಲಿ ತೇಲುವುದನ್ನು ನೋಡಿ ಗಾಬರಿಯಾಗಬೇಡಿ.

ಇದರಿಂದ ಹೊಸಬರು ತೆಗೆದುಕೊಳ್ಳಬೇಕಾದದ್ದು ಇಷ್ಟು. ತಿರುವಿಗೆ ಮೊದಲೇ, ನಿಮಗೆ ಸರಿ ಅನ್ನಿಸುವುದಕ್ಕಿಂತ ಬೇಗ, ಪೆಡಲ್ ಎತ್ತಿ. ಕಾರು ಬಲಕ್ಕೆ ಒರಗಿ ನೆಲೆಗೊಳ್ಳುವ ಕ್ಷಣಕ್ಕೆ ಕಾಯಿರಿ. ಆಮೇಲೆ ಪೆಡಲ್ಲನ್ನು ಮೆಲ್ಲಗೆ ತುಂಬುತ್ತಾ ಹೋಗಿ; ಇಲ್ಲಿ ಪೆಡಲ್ ಒತ್ತಿ ಬಿಡುವ ಗುಂಡಿಯಲ್ಲ, ಅದೇ ಎರಡನೆಯ ಸ್ಟೀರಿಂಗ್. ಸ್ಟೀರಿಂಗ್ ಚಕ್ರವನ್ನು ಪೂರ್ತಿ ಬಲಕ್ಕೆ ತಿರುಗಿಸಿಕೊಂಡು ಅಡ್ಡಡ್ಡ ಹೋಗುವುದು ಪ್ರೇಕ್ಷಕರಿಗೆ ಚೆಂದ, ಗಡಿಯಾರಕ್ಕಲ್ಲ. ಟೈರು ಅಡ್ಡ ಉಜ್ಜಿದಷ್ಟೂ ವೇಗ ಸಾಯುತ್ತದೆ. ತೇವ ಇರುವಾಗ ಸ್ವಲ್ಪ ಓರೆ ನಡೆಯುತ್ತದೆ, ಸ್ಲಿಕ್ ಆದ ಮೇಲೆ ಕಾರು ಸಾಧ್ಯವಾದಷ್ಟು ನೇರವಾಗಿರಬೇಕು. ಸ್ಲಿಕ್ ಟ್ರ್ಯಾಕ್‌ನಲ್ಲಿ ಗೆಲ್ಲುವವರು ಹೊರಗಿನಿಂದ ನೋಡಿದರೆ ನಿಧಾನವಾಗಿ ಹೋಗುತ್ತಿರುವಂತೆ ಕಾಣುತ್ತಾರೆ. ಹಿಂಚಕ್ರ ಒಮ್ಮೆ ಸುಮ್ಮನೆ ತಿರುಗತೊಡಗಿತೋ, ಟೈರಿನ ಮೇಲ್ಮೈ ಕಾದು ಮೆರುಗು ಬಂದು, ಮುಂದಿನ ಸುತ್ತುಗಳಲ್ಲೂ ಹಿಡಿತ ತಪ್ಪುತ್ತದೆ.

ಫಾರ್ಮುಲಾದಿಂದ ತರಬೇಕಾದ ಆಸ್ತಿಯೂ ಇದೆ. ಎಡಗಾಲಿನ ಬ್ರೇಕ್ ಅಭ್ಯಾಸವಿದ್ದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಇಲ್ಲಿ ಬ್ರೇಕ್ ವೇಗ ಇಳಿಸುವುದಕ್ಕಿಂತ ಹೆಚ್ಚಾಗಿ ಕಾರಿನ ಭಂಗಿಯನ್ನು ಹಿಡಿದಿಡಲು ಬೇಕು. ಬಲಗಾಲು ಪೆಡಲ್ ಮೇಲಿರುವಾಗಲೇ ಎಡಗಾಲು ತುಸು ತಾಗಿಸಿ ಮೂಗನ್ನು ಕೆಳಗಿಡುವುದು ದಿನನಿತ್ಯದ ಕೆಲಸ. ಸೀಟಿನ ಮೂಲಕ ಟೈರಿನ ಹಿಡಿತ ಅರಿಯುವ ಸೂಕ್ಷ್ಮ, ಸೆಷನ್ ಮುಗಿದೊಡನೆ ಕಾರಿನ ವರ್ತನೆಯನ್ನು ತಿರುವಿನ ಪ್ರವೇಶ, ನಡು, ನಿರ್ಗಮನ ಎಂದು ಬಿಡಿಸಿ ಹೇಳುವ ಶಿಸ್ತು ಇಲ್ಲಿನ ಹಲವರಲ್ಲಿ ಇರುವುದಿಲ್ಲ. ಇನ್ನೊಂದು ಎಚ್ಚರವನ್ನೂ ಉಳಿಸಿಕೊಳ್ಳಿ: ಪಕ್ಕದಲ್ಲಿ ನರ್ಫ್ ಬಾರ್ ಎಂಬ ರಕ್ಷಣೆಯ ಕೊಳವೆಗಳು, ಹಿಂದೆ ಮುಂದೆ ಬಂಪರ್ ಇದ್ದರೂ ಮುಂದಿನ ಚಕ್ರಗಳು ತೆರೆದೇ ಇವೆ. ಚಕ್ರಕ್ಕೆ ಚಕ್ರ ಹತ್ತಿದರೆ ಏನಾಗುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಯಲ್ಲೋ ಬೆಂಗಳೂರಿನವರು ನಡೆಸುವ ಕೆ-1000 ರ‍್ಯಾಲಿಯಲ್ಲೋ ಓಡಿದವರು ಜಾರುವ ಕಾರಿಗೆ ಹೆದರುವುದಿಲ್ಲ, ಅದು ದೊಡ್ಡ ಲಾಭ. ಆದರೆ ರ‍್ಯಾಲಿಯವರು ಪ್ರತಿ ತಿರುವಿನಲ್ಲೂ ಕಾರನ್ನು ಎಸೆದು ತಿರುಗಿಸಲು ನೋಡುತ್ತಾರೆ. ಓವಲ್‌ನಲ್ಲಿ ಆ ಎಸೆತ ಬೇಕಿಲ್ಲ. ಕಾರು ಎಡಕ್ಕೆ ತಿರುಗಲೆಂದೇ ಹುಟ್ಟಿದೆ.

ಚಳಿಗಾಲದಲ್ಲಿ ಅಯೋವಾ ಹಿಮದಡಿ ಮಲಗಿರುವಾಗ ಐರೇಸಿಂಗ್ ಸಿಮ್ಯುಲೇಟರ್ ಒಳ್ಳೆಯ ಸಂಗಾತಿ. 2017ರಿಂದ ಅದರಲ್ಲಿ ಮಣ್ಣಿನ ಟ್ರ್ಯಾಕ್‌ಗಳಿವೆ, ಯುಎಂಪಿ ಮಾಡಿಫೈಡ್ ಕೂಡ ಇದೆ, ಸುತ್ತು ಕಳೆದಂತೆ ನೆಲ ಬದಲಾಗುವುದೂ ಇದೆ. ಪೆಡಲ್ ಮೇಲಿನ ತಾಳ್ಮೆ ಅದರಲ್ಲಿ ಚೆನ್ನಾಗಿ ಬರುತ್ತದೆ. ಭಾರ ಒರಗುವ ಅನುಭವ ಮಾತ್ರ ಕಾರಿನಲ್ಲೇ ಸಿಗಬೇಕು.

ಸೆಟಪ್: ಕಡಿಮೆ ಮುಟ್ಟಿ, ಹೆಚ್ಚು ಬರೆಯಿರಿ

ಫಾರ್ಮುಲಾದಲ್ಲಿ ನಾಲ್ಕು ಮೂಲೆಗಳ ತೂಕ ಎಡಬಲ ಸಮನಾಗಿರಲು ಒದ್ದಾಡುತ್ತೇವೆ. ಇಲ್ಲಿ ಸಮತೋಲವೇ ದೋಷ. ಅರ್ಧಕ್ಕಿಂತ ಹೆಚ್ಚು ತೂಕ ಎಡಕ್ಕೆ, ಅರ್ಧಕ್ಕಿಂತ ಹೆಚ್ಚು ಹಿಂದಕ್ಕೆ, ಬಲ ಹಿಂಚಕ್ರಕ್ಕಿಂತ ಎಡ ಹಿಂಚಕ್ರದ ಮೇಲೆ ಹೆಚ್ಚು ಭಾರ. ಈ ಕೊನೆಯದಕ್ಕೆ ಬೈಟ್ ಎನ್ನುತ್ತಾರೆ, ಅದನ್ನು ಪೌಂಡ್‌ಗಳಲ್ಲಿ ಲೆಕ್ಕ ಹಾಕುತ್ತಾರೆ. ಬೈಟ್ ಹೆಚ್ಚಿಸಿದರೆ ನಿರ್ಗಮನದಲ್ಲಿ ಮುನ್ನುಗ್ಗುವ ಬಲ ಬರುತ್ತದೆ, ಅತಿಯಾದರೆ ಮೂಗು ತಿರುಗದೆ ಹೊರಕ್ಕೆ ಜಾರುತ್ತದೆ.

ಸ್ಟ್ಯಾಗರ್ ಇನ್ನೊಂದು ಹೊಸ ಸಂಗತಿ. ಬಲ ಹಿಂದಿನ ಟೈರಿನ ಸುತ್ತಳತೆ ಎಡದ್ದಕ್ಕಿಂತ ಹೆಚ್ಚಿರಬೇಕು. ಎರಡೂ ಒಂದೇ ಆಕ್ಸಲ್‌ಗೆ ಬಿಗಿದಿರುವುದರಿಂದ ಕಾರು ತಾನಾಗಿ ಎಡಕ್ಕೆ ಬಾಗುತ್ತದೆ. ಟೇಪು ಸುತ್ತಿ ಅಳೆಯಿರಿ, ಗಾಳಿ ತುಂಬಿದ ಮೇಲೆ ಮತ್ತೊಮ್ಮೆ ಅಳೆಯಿರಿ. ತೇವದ ಟ್ರ್ಯಾಕ್‌ಗೆ ಹೆಚ್ಚು, ಸ್ಲಿಕ್‌ಗೆ ಕಡಿಮೆ ಎಂಬುದು ಸಾಮಾನ್ಯ ಲೆಕ್ಕ. ಐಎಂಸಿಎಯಲ್ಲಿ ಎಲ್ಲರಿಗೂ ಹೂಸಿಯರ್ ಜಿ60-15 ಎಂಬ ಒಂದೇ ಗಡಸು ಟೈರು, 8 ಇಂಚು ಅಗಲದ ಉಕ್ಕಿನ ಚಕ್ರ. ಆದ್ದರಿಂದ ಒಂದೇ ಹೆಸರಿನ ಟೈರುಗಳಲ್ಲೇ ದೊಡ್ಡವು, ಚಿಕ್ಕವು ಎಂದು ಅಳೆದು ಬೇರ್ಪಡಿಸಿಟ್ಟುಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ಗಾಳಿಯ ಒತ್ತಡ ಕೇಳಿದರೆ ಫಾರ್ಮುಲಾದವರು ನಂಬುವುದಿಲ್ಲ: ಎಡ ಹಿಂದಿನ ಟೈರಿನಲ್ಲಿ 10 ಪಿಎಸ್‌ಐಗಿಂತಲೂ ಕಡಿಮೆ ಇಟ್ಟು ಓಡಿಸುವುದು ಮಾಮೂಲು. ತಿರುವಿನ ಭಾರ ಹೊರುವ ಬಲ ಹಿಂದಿನ ಟೈರು ಕಳಚದಿರಲೆಂದೇ ಆ ಚಕ್ರಕ್ಕೆ ಟೈರಿನ ಅಂಚನ್ನು ಬಿಗಿಹಿಡಿಯುವ ಬೀಡ್‌ಲಾಕ್ ಉಂಗುರ.

ಶಾಕ್‌ಗಳ ವಿಷಯದಲ್ಲಿ ಐಎಂಸಿಎ ಕಟ್ಟುನಿಟ್ಟು, ಹೊಂದಿಸಬಹುದಾದ ಶಾಕ್ ಇಲ್ಲ. ಶಾಕ್ ಹೊಂದಿಸುತ್ತಾ ಅದರ ಕ್ಲಿಕ್ ಎಣಿಸಿ ಅಭ್ಯಾಸವಾದವರಿಗೆ ಇದು ವರವೇ ಸರಿ. ಉಳಿದದ್ದು ಸ್ಪ್ರಿಂಗ್, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ಬಾರ್, ಹಿಂದಿನ ಬಾರ್‌ಗಳ ಕೋನ, ಸೀಸದ ತೂಕ. ಚಾಸಿ ಕಟ್ಟಿದವರು ಕೊಟ್ಟ ಅಳತೆಗೆ ಕಾರನ್ನು ತಂದು, ಮೊದಲ ಕೆಲವು ರಾತ್ರಿ ಅಲ್ಲೇ ಬಿಡಿ. ಬದಲಿಸಲೇಬೇಕೆಂದಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದರ ಜೊತೆಗೆ ಟ್ರ್ಯಾಕ್ ಹೇಗಿತ್ತು ಎಂದೂ ಬರೆಯಿರಿ. ಟ್ರ್ಯಾಕ್‌ನ ಸ್ಥಿತಿ ಬರೆಯದ ಟಿಪ್ಪಣಿಯಿಂದ ಮಣ್ಣಿನಲ್ಲಿ ಯಾವ ಉಪಯೋಗವೂ ಇಲ್ಲ.

ಇಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವ ಒಂದು ಲಕ್ಷಣವಿದೆ, ಅದನ್ನು ಬಿಡಿಸಿ ಹೇಳಲೇಬೇಕು. ಚಾಲಕ ಬಂದು, ಹೊರಬರುವಾಗ ಹಿಂಬದಿ ಜಾರುತ್ತದೆ, ಕಾರು ಲೂಸ್ ಎನ್ನುತ್ತಾನೆ. ಹಿಂಬದಿಗೆ ಹಿಡಿತ ಕೂಡಿಸುತ್ತಾರೆ. ಮುಂದಿನ ರೇಸಿನಲ್ಲಿ ಇನ್ನಷ್ಟು ಜಾರುತ್ತದೆ. ನಿಜದಲ್ಲಿ ಕಾರು ಟೈಟ್ ಆಗಿತ್ತು: ತಿರುವಿನ ನಡುವೆ ಮೂಗು ತಿರುಗಲಿಲ್ಲ, ಚಾಲಕ ಸ್ಟೀರಿಂಗ್ ಇನ್ನಷ್ಟು ಎಡಕ್ಕೆ ತಿರುಗಿಸಿ ಪೆಡಲ್ ಒತ್ತಿದ, ಕಾರು ಒಮ್ಮೆಲೇ ತಿರುಗಿಕೊಂಡಿತು. ಕೊನೆಗೆ ನಡೆದದ್ದು ಮಾತ್ರ ಅವನಿಗೆ ನೆನಪುಳಿಯಿತು. ಆದ್ದರಿಂದ ಜಾರುವ ಮುನ್ನ ಸ್ಟೀರಿಂಗ್ ಎತ್ತ ತಿರುಗಿತ್ತು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಎಡಕ್ಕೆ ಹೆಚ್ಚು ತಿರುಗಿದ್ದರೆ ಮದ್ದು ಮುಂಬದಿಗೆ ಬೇಕು. ತಲೆಗಿಂತ ಮೇಲೆ ಅಥವಾ ಹಿಂದೆ ಕಾರಿನಲ್ಲಿ ಒಂದು ಸಣ್ಣ ಕ್ಯಾಮೆರಾ ಇಟ್ಟು ಕೈಗಳನ್ನು ಚಿತ್ರೀಕರಿಸಿದರೆ ವಾದಕ್ಕೆ ಎಡೆಯೇ ಇರುವುದಿಲ್ಲ.

ರೇಸಿನ ರಾತ್ರಿ

ರಾತ್ರಿಯ ಕ್ರಮ ಚುಟುಕು: ಹಾಟ್ ಲ್ಯಾಪ್ (ಅಭ್ಯಾಸದ ಸುತ್ತು), ಹೀಟ್, ಫೀಚರ್. ಅಭ್ಯಾಸಕ್ಕೆ ಸಿಗುವುದು ಕೆಲವೇ ಸುತ್ತು. ಫಾರ್ಮುಲಾದ ಉದ್ದನೆಯ ಕ್ವಾಲಿಫೈಯಿಂಗ್ ಇಲ್ಲ. ಬೂನ್ ಟ್ರ್ಯಾಕ್ ಮೂರನೇ ಒಂದು ಮೈಲು, ಅಂದರೆ ಸುಮಾರು ಅರ್ಧ ಕಿಲೋಮೀಟರ್. ಕರಿ ಸ್ಪೀಡ್‌ವೇಯ 2.1 ಕಿಲೋಮೀಟರ್‌ನಲ್ಲಿ ಉಸಿರಾಡಲು ನೇರ ಹಾದಿ ಸಿಗುತ್ತಿತ್ತು, ಇಲ್ಲಿ ಒಂದು ತಿರುವಿನಿಂದ ಹೊರಬಂದ ಕೂಡಲೇ ಇನ್ನೊಂದು. ವಾರದ ರೇಸುಗಳಲ್ಲಿ ತಂಡದೊಡನೆ ಮಾತಾಡುವ ರೇಡಿಯೊ ಇರುವುದಿಲ್ಲ. ಕಿವಿಯಲ್ಲಿ ರೇಸ್‌ಸೀವರ್ ಇರುತ್ತದೆ, ಅದರಲ್ಲಿ ಅಧಿಕಾರಿಯ ಮಾತು ನಿಮಗೆ ಕೇಳುತ್ತದೆ, ನಿಮ್ಮ ಮಾತು ಅವರಿಗೆ ಕೇಳುವುದಿಲ್ಲ. ಹಳದಿ ಬಾವುಟ ಬಂದು ಕಾರುಗಳು ನಿಧಾನವಾದಾಗ ಸಾಲಿನಲ್ಲಿ ನಿಮ್ಮ ಜಾಗ ಹೇಳುವುದು ಅದರಲ್ಲೇ. ಉಚ್ಚಾರಣೆ ಕಿವಿಗೆ ಹಿಡಿಯುವವರೆಗೆ ಪ್ರೇಕ್ಷಕರ ಸಾಲಿನಲ್ಲಿ ಕುಳಿತಾದರೂ ಅದನ್ನು ಕೇಳಿಸಿಕೊಳ್ಳಿ.

ಮೊದಲ ರಾತ್ರಿಗಳಲ್ಲಿ ಹಿಂದಿನ ಸಾಲಿನಿಂದ ಹೊರಡುತ್ತೇನೆಂದು ನೀವೇ ಅಧಿಕಾರಿಗಳನ್ನು ಕೇಳಿಕೊಳ್ಳಿ. ಇದರಿಂದ ನಿಮ್ಮ ಮರ್ಯಾದೆ ಕಡಿಮೆಯಾಗುವುದಿಲ್ಲ, ಪಿಟ್‌ನಲ್ಲಿ ಅದು ಹೆಚ್ಚುತ್ತದೆ. ಒಂದು ಲೇನ್ ಹಿಡಿದು ಅದರಲ್ಲೇ ಇರಿ. ವೇಗದವರು ಎರಡೂ ಬದಿಯಿಂದ ದಾಟುತ್ತಾರೆ, ನೀವು ಎತ್ತ ಹೋಗುವಿರೆಂದು ಅವರಿಗೆ ಗೊತ್ತಿದ್ದರೆ ಸಾಕು. ದಾಟುವ ಪಾಳಿ ನಿಮ್ಮದಾದಾಗ, ಒಳಗಿನಿಂದ ನುಗ್ಗಿ ಎದುರಾಳಿಯ ಮುಂದೆ ಅಡ್ಡ ಬೀಳುವ ಸ್ಲೈಡ್ ಜಾಬ್ ನೋಡಲು ಸುಲಭ. ಅವನ ಮೂಗಿನಿಂದ ನಿಮ್ಮ ಹಿಂದಿನ ಬಂಪರ್ ಪೂರ್ತಿ ಬಿಡಿಸಿಕೊಂಡ ಮೇಲಷ್ಟೇ ಮೇಲಕ್ಕೆ ಜಾರುವುದು ನ್ಯಾಯ. ಇಲ್ಲದಿದ್ದರೆ ಅದು ದಾಟುವುದಲ್ಲ, ಗೋಡೆಗೆ ತಳ್ಳುವುದು. ರೇಸ್ ಮುಗಿದ ಮೇಲೆ ಯಾರಿಗಾದರೂ ತಾಗಿಸಿದ್ದರೆ ಅವರ ಟ್ರೇಲರ್‌ಗೆ ನೀವೇ ಮೊದಲು ಹೋಗಿ ಮಾತಾಡಿ. ಮುಂದಿನ ವಾರ ಬಿಡಿಭಾಗ ಕೇಳಬೇಕಾದದ್ದು ಅವರ ಹತ್ತಿರವೇ.

ಭಾನುವಾರ ಬೆಳಗ್ಗೆ ಕಾರನ್ನು ತೊಳೆಯಿರಿ. ಚೌಕಟ್ಟಿನೊಳಗೆ, ಚಕ್ರದೊಳಗೆ, ತಗಡಿನ ಕೆಳಗೆ ಕೂತ ಮಣ್ಣು ಒಣಗಿದರೆ ಕಲ್ಲಾಗುತ್ತದೆ. ಚಕ್ರದೊಳಗಿನ ಹೆಂಟೆ ಮುಂದಿನ ವಾರ ನೇರದಲ್ಲಿ ಸ್ಟೀರಿಂಗ್ ಅದುರಿಸುತ್ತದೆ, ತೂಕದ ಲೆಕ್ಕವನ್ನೂ ಕೆಡಿಸುತ್ತದೆ. ತೊಳೆದ ಮೇಲೆ ರಾಡ್ ತುದಿಗಳು, ಬ್ರಾಕೆಟ್‌ಗಳು, ಚಕ್ರದ ಬೋಲ್ಟ್‌ಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟಿ ನೋಡಿ. ಏರ್ ಫಿಲ್ಟರ್ ಪ್ರತಿ ವಾರ ಸ್ವಚ್ಛವಾಗಲೇಬೇಕು. ಟೈರಿನ ಮೇಲ್ಮೈಗೆ ಮೆರುಗು ಬಂದಿದ್ದರೆ ಉಜ್ಜಿ ಒರಟು ಮಾಡಿ, ಸಣ್ಣ ಗೀರುಗಳನ್ನು ಮತ್ತೆ ಕೊರೆಯಿರಿ. ರಾಸಾಯನಿಕ ಸವರುವುದು ನಿಯಮಬಾಹಿರ, ಅದರ ಹತ್ತಿರವೂ ಸುಳಿಯಬೇಡಿ.

ಈ ಹಾದಿ ನಿಮಗೆ ಹಿಡಿಸುತ್ತದೋ ಇಲ್ಲವೋ ಎಂದು ಹಣ ಹೂಡುವ ಮೊದಲೇ ತಿಳಿಯಬೇಕೆಂದರೆ ಸೆಪ್ಟೆಂಬರ್ ಆರಂಭದಲ್ಲಿ ಬೂನ್‌ಗೆ ಬನ್ನಿ. 1983ರಲ್ಲಿ ಶುರುವಾದ ಸೂಪರ್ ನ್ಯಾಷನಲ್ಸ್ ಆಗ ಅಲ್ಲಿ ನಡೆಯುತ್ತದೆ, ದೇಶದ ಮೂಲೆ ಮೂಲೆಯಿಂದ ನೂರಾರು ಕಾರುಗಳು ಬರುತ್ತವೆ. ಪಿಟ್ ಪಾಸ್ ಕೊಂಡು ಹಗಲಿನಲ್ಲೇ ಒಳಗೆ ನಡೆಯಿರಿ. ಕಾರಿನ ಕೆಳಗೆ ಮಲಗಿದವರನ್ನು ಏನು ಮಾಡುತ್ತಿದ್ದೀರಿ ಎಂದು ಕೇಳಿ. ಹೆಚ್ಚಿನವರು ಎದ್ದು ಬಂದು ತೋರಿಸುತ್ತಾರೆ. ಅದೇ ವಾರ ಅಲ್ಲಿ ಮಾರಾಟದ ಚೀಟಿ ಅಂಟಿಸಿದ ಕಾರುಗಳೂ ಇರುತ್ತವೆ. ಮಾರುವವನ ರೇಸ್ ನೋಡಿ, ಕಾರು ಓಡುವ ಬಗೆ ನೋಡಿ, ಆಮೇಲೆ ಬೆಲೆ ಮಾತಾಡಿ.